ಹೊಟ್ಟೆ ತುಂಬ ಉಸಿರು

ಸಂಜೆ ಇಗರ್ಜಿಯ ಗಂಟೆ ಬಾರಿಸಿ, ಅದರ ಗುಂಗು ಎದುರು ಬೆಟ್ಟದ ಕಾಫಿ ಗಿಡಗಳ ಮೇಲೆ ಕರಗುವ ಹೊತ್ತಿಗೆ ಸರಿಯಾಗಿ ಕೆಳಗಿನ ಆಟದಂಗಳದಿಂದ ಹಾಡು ಏಳುತ್ತಿತ್ತು. ಮೊದಲು ಧ್ವನಿಪೆಟ್ಟಿಗೆ ಮುದುಕನ ಹಾಗೆ ಗರಗರ ಕೆಮ್ಮುವುದು. ಆಮೇಲೆ ಡೋಲು. ಆಮೇಲೆ, ಪುರಸಭೆಯವರು ಹೆಂಗಸರಿಗೆ ವ್ಯಾಯಾಮ ಹೇಳಿಕೊಡಲೆಂದು ನೇಮಿಸಿದ್ದ ಯಾಮಿಲೆಯ ಕೂಗು: "ಎಲ್ಲಿ ನನ್ನ ರಾಣಿಯರು? ಮೊಣಕಾಲು ಮೇಲಕ್ಕೆ! ದಿನಾ ಈ ಊರಿನ ಏರು ಹತ್ತೋರಿಗೆ ಇಷ್ಟೂ ಆಗಲ್ವಾ?"

ಇಳಿಜಾರಿನ ಮೇಲಿನ ಮನೆಯ ಕಿಟಕಿಗೆ ಹೊಲಿಗೆ ಯಂತ್ರ ಒತ್ತಿ ಕೂತ ನೊಯೇಲಿಯಾಳಿಗೆ ಆ ಅಂಗಳ ಅಂಗೈ ಮೇಲೆ ಇಟ್ಟ ಹಾಗೆ ಕಾಣುತ್ತಿತ್ತು. ತಗಡಿನ ಮಾಡಿನ ಕೆಳಗೆ ಬಣ್ಣ ಬಣ್ಣದ ಚುಕ್ಕೆಗಳು ಎಡಕ್ಕೆ ಹೋಗುವವು, ಬಲಕ್ಕೆ ಬರುವವು, ಒಮ್ಮೆಲೇ ಕೈ ಎತ್ತುವವು. ಗಾಳಿಗೆ ಹೂವಿನ ಮಡಿ ಬಾಗುವಂತೆ. ಅವಳ ಪಾದ ತನಗೆ ತಿಳಿಯದೆಯೇ ಯಂತ್ರದ ಪೆಡಲನ್ನು ಡೋಲಿನ ಲೆಕ್ಕಕ್ಕೆ ತುಳಿಯತೊಡಗುತ್ತಿತ್ತು. ಸೂಜಿ ಓಡುತ್ತಿತ್ತು.

"ಮತ್ತೆ ಸೊಟ್ಟ ಹೊಲಿದ್ಯಾ?" ಎಂದು ಪಡಸಾಲೆಯ ಕುರ್ಚಿಯಿಂದ ಅವಳ ತಾಯಿ, ಊರವರು ಮರ್ಯಾದೆಗೆ ಡೋನ್ಯಾ ಸೇರಿಸಿ ಕರೆಯುವ ಉಬಾಲ್ದಿನಾ, ಜಪಮಣಿ ಎಣಿಸುತ್ತಲೇ ಕೇಳಿದಳು. ಕಣ್ಣು ಮಂಜಾಗಿದ್ದರೂ ಮುದುಕಿಯ ಕಿವಿ ಚುರುಕು. ಯಂತ್ರದ ಸದ್ದಿನಲ್ಲೇ ಹೊಲಿಗೆ ದಾರಿ ತಪ್ಪಿದ್ದು ಅವಳಿಗೆ ತಿಳಿಯುತ್ತಿತ್ತು.

"ದಾರ ಸಿಕ್ಕಾಯ್ತಮ್ಮಾ."

"ದಾರಾನೋ, ಮನಸ್ಸೋ."

ನೊಯೇಲಿಯಾ ಸೊಟ್ಟ ಹೊಲಿಗೆ ಬಿಚ್ಚತೊಡಗಿದಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದು ಅವಳ ಕೆಲಸ. ಮಕ್ಕಳು ಓಡಬೇಕು, ಮರ ಹತ್ತಬೇಕು, ಬೆಳೆಯಲೂಬೇಕು ಎಂದು ಪ್ರತಿ ಅಂಗಿಯ ಕಂಕುಳಲ್ಲಿ, ಪ್ರತಿ ಲಂಗದ ಸೊಂಟದಲ್ಲಿ ಬೆರಳಾಡುವಷ್ಟು ಸಡಿಲ ಬಿಡುತ್ತಿದ್ದಳು. ಹಾಗೆ ಸಡಿಲ ಬಿಡುವವಳೇ ತಾನು ಮಾತ್ರ ಬೆಳಗಿನಿಂದ ರಾತ್ರಿಯವರೆಗೆ ಬಿಗಿದು ಕಟ್ಟಿದ ಗಂಟಿನಂತೆ ಕೂತಿರುತ್ತಿದ್ದಳು.

ಆ ಊರಿನಲ್ಲಿ ಹೆತ್ತ ಹೆಂಗಸಿಗೆ ಕೋಳಿ ಸಾರು ಕುಡಿಸಿ, ಕಿವಿಗೆ ಹತ್ತಿ ಇಟ್ಟು, ಹೊಟ್ಟೆಗೆ ಫಾಹಾ ಕಟ್ಟುತ್ತಾರೆ. ಎದೆಯ ಕೆಳಗಿನಿಂದ ತೊಡೆಯವರೆಗೆ ಬರುವ ರಬ್ಬರಿನಂಥ ದಪ್ಪ ಬಟ್ಟೆ, ಉದ್ದಕ್ಕೂ ಸಾಲು ಕೊಕ್ಕೆ. ಸಡಿಲಾದ ಹೊಟ್ಟೆ ಒಳಕ್ಕೆ ಹೋಗಲಿ ಎಂದು. ಚೊಚ್ಚಲ ಬಾಣಂತನ ಮುಗಿಯುವವರೆಗೆ ಎಂದು ಉಬಾಲ್ದಿನಾ ಮಗಳಿಗೆ ಕಟ್ಟಿದ್ದು. ಬಾಣಂತನ ಮುಗಿದಾಗ ಹಬ್ಬ ಹತ್ತಿರವಿತ್ತು. ಹಬ್ಬ ಮುಗಿಯಲಿ ಎಂದಳು. ಹಬ್ಬ ಮುಗಿದಾಗ ಯಾರದೋ ಮದುವೆ. ಆಮೇಲೆ ಎರಡನೇ ಬಸಿರು, ಮೂರನೆಯದು. ಮುಂದಕ್ಕೆ ಹೋಗುತ್ತ ಹೋಗುತ್ತ ಅದು ಮೈಮೇಲಿನ ಎರಡನೇ ಚರ್ಮವೇ ಆಯಿತು. ಅಜ್ಜಿಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಳಿಯ ಕತ್ತಿನಲ್ಲಿರುತ್ತದಂತೆ. ನೊಯೇಲಿಯಾಳ ಮಾನ ಹಾಗೆ ಆ ಕೊಕ್ಕೆಗಳಲ್ಲಿ ಕೂತುಬಿಟ್ಟಿತ್ತು. ಅದಿಲ್ಲದೆ ಅವಳು ಬೀದಿಗಿಳಿದದ್ದಿಲ್ಲ. ಮಕ್ಕಳೆಲ್ಲ ದೊಡ್ಡವರಾಗಿ ತಮ್ಮ ತಮ್ಮ ಮನೆ ಮಾಡಿಕೊಂಡ ಮೇಲೂ, ಐವತ್ತು ದಾಟಿದ ಮೇಲೂ, ಕೊಕ್ಕೆ ಹಾಕಿದ ಮೇಲೆಯೇ ಅವಳಿಗೆ ಬೆಳಗಾಗುತ್ತಿತ್ತು.

ಆದರೆ ಸಂಜೆಯ ಆ ಹಾಡು ಕೇಳಿದಾಗ ಅವಳೊಳಗೆ ಏನೋ ಎದ್ದು ಬಂದು, ಎದೆಯ ಕೆಳಗಿನ ಆ ಬಿಗಿ ಗೋಡೆಗೆ ತಾಗಿ, ವಾಪಸು ಹೋಗುತ್ತಿತ್ತು. ಅದಕ್ಕೆ ಅವಳ ಬಳಿ ಹೆಸರಿರಲಿಲ್ಲ. ಹುಡುಗಿಯಾಗಿದ್ದಾಗ ಕಾಫಿ ತೋಟದ ಕೆಳಗಿನ ಹೊಳೆಯ ಮಡುವಿಗೆ ಬಂಡೆಯ ಮೇಲಿಂದ ಹಾರುತ್ತಿದ್ದದ್ದು ನೆನಪಾಗುತ್ತಿತ್ತು. ಮೈಮೇಲೆ ಅಪ್ಪ ಬಿಟ್ಟುಹೋದ ಹಳೆಯ ಅಂಗಿ, ಮೊಣಕಾಲು ಮುಟ್ಟುವಷ್ಟು ದೊಡ್ಡದು. ನೀರಿಗೆ ಬಿದ್ದೊಡನೆ ಅದು ಬಲೂನಿನಂತೆ ಉಬ್ಬಿ ಅವಳನ್ನು ಮೇಲಕ್ಕೆತ್ತುತ್ತಿತ್ತು. ಆಗ ಬಾಯಿ ತೆರೆದು ಎಳೆದುಕೊಳ್ಳುತ್ತಿದ್ದ ಉಸಿರು! ಹೊಟ್ಟೆಯ ತಳದಿಂದ ಎದ್ದು, ಬೆನ್ನು ಭುಜ ಎಲ್ಲ ತುಂಬಿಕೊಂಡು, ಕಿವಿಯೊಳಗೆ ತಣ್ಣಗೆ ಹಾಡುತ್ತಿದ್ದ ಉಸಿರು. ಅಂಥದ್ದನ್ನು ಮತ್ತೊಮ್ಮೆ ಉಸಿರಾಡಬೇಕು ಎಂದು ಯಾರ ಹತ್ತಿರ ಹೇಳುವುದು? ಹೇಳಿದರೆ ಯಾವ ಡಾಕ್ಟರನ್ನು ಕರೆಸುತ್ತಾರೋ!

ಆ ಸಲ ಜೂನ್ ರಜೆಯಲ್ಲಿ ಸಮವಸ್ತ್ರದ ಕೆಲಸ ಕಡಿಮೆಯಿತ್ತು. ಪಕ್ಕದ ಮನೆಯ ರುಬಿಯೇಲಾ ಒಂದು ಸಂಜೆ ಬಾಗಿಲಲ್ಲಿ ಬಂದು ನಿಂತಳು. ನೊಯೇಲಿಯಾಳ ಕಿರಿ ಮಗಳ ಧರ್ಮತಾಯಿ ಅವಳು. ನಾಲಗೆಗೆ ಬೀಗವಿಲ್ಲ, ಮನಸ್ಸಿಗೂ ಇಲ್ಲ. ಚಿರತೆಯ ಮಚ್ಚೆಯ ಬಿಗಿ ಪ್ಯಾಂಟು, ಗಿಳಿಹಸಿರು ಬನಿಯನ್, ತುಟಿಗೆ ಬಣ್ಣ.

"ಕಿಟಕಿಯಿಂದ ಎಷ್ಟು ದಿನ ಇಣುಕ್ತೀಯ ಮಾರಾಯ್ತಿ? ಕೆಳಗಿಂದ ನೋಡಿದ್ರೆ ಕಿಟಕೀಲಿ ಪುಣ್ಯಾತ್ಗಿತ್ತಿ ಮೇರಿಯಮ್ಮನ ಮೂರ್ತಿ ಇಟ್ಟ ಹಾಗೆ ಕಾಣ್ಸುತ್ತೆ. ಇವತ್ತೋ ನಾಳೆಯೋ ಯಾರಾದ್ರೂ ಬಂದು ಮೇಣದ ಬತ್ತಿ ಹಚ್ತಾರೆ. ಬಾ."

"ನಾನೆಲ್ಲಿ ಬರ್ಲಿ, ಈ ವಯಸ್ಸಲ್ಲಿ."

"ನನಗೇನು ಹದಿನಾರಾ?"

ಪಡಸಾಲೆಯಿಂದ ಉಬಾಲ್ದಿನಾಳ ಜಪ ನಿಂತಿತು. "ಯಾಕಂತೆ ಹೋಗೋದು?" ಎಂದಳು.

ನೊಯೇಲಿಯಾ ಗಲಿಬಿಲಿಗೊಂಡಳು. ಮಡು, ಅಂಗಿ, ಉಸಿರು ಎಲ್ಲ ನಾಲಗೆಯ ತುದಿಯವರೆಗೆ ಬಂದು ನಿಂತವು. ಬಾಯಿಂದ ಹೊರಬಿದ್ದದ್ದು ಬೇರೆ. "ಸ್ವಲ್ಪ ಸಣ್ಣ ಆಗೋಣ ಅಂತಮ್ಮಾ."

ಆ ಮಾತು ಎಲ್ಲರಿಗೂ ಅರ್ಥವಾಯಿತು. ಉಬಾಲ್ದಿನಾ ತಲೆಯಾಡಿಸಿದಳು. ರುಬಿಯೇಲಾ ಅಂತೂ ಕೈ ತಟ್ಟಿ ಒಳಗೇ ಬಂದಳು. "ಹಾಗಾದ್ರೆ ನನ್ನ ಮಾತು ಕೇಳು. ಅಡುಗೆ ಮನೇಲಿ ಮಾಂಸ ಮುಚ್ಚೋ ಪ್ಲಾಸ್ಟಿಕ್ ಹಾಳೆ ಇದ್ಯಲ್ಲ, ಅದನ್ನ ಹೊಟ್ಟೆಗೆ ಸುತ್ತು. ಬೆವರು ಹೊಳೆ ಹೊಳೆಯಾಗಿ ಹರಿಯುತ್ತೆ. ಕೊಬ್ಬು ಕರಗಿ ಹೋಗುತ್ತೆ. ಮೇಲೆ ಹಾಕ್ಕೊಳ್ಳೋಕೆ ನನ್ನ ಇನ್ನೊಂದು ಪ್ಯಾಂಟು ಕೊಡ್ತೀನಿ, ಮೆಡೆಯೀನ್ ಪೇಟೆಯಿಂದ ತಂದಿದ್ದು, ಹಿಂದುಗಡೇನ ಎತ್ತಿ ಹಿಡಿಯುತ್ತೆ. ನಿನ್ನ ಗಂಡ ಜೀಪು ಎಲ್ಲಿಗೆ ಓಡಿಸ್ತಿದೀನಿ ಅನ್ನೋದೇ ಮರೀಬೇಕು!"

"ಫಾಹಾ ಮಾತ್ರ ಬಿಚ್ಚೋ ಹಾಗಿಲ್ಲ," ಎಂದಳು ಉಬಾಲ್ದಿನಾ. "ಊರ ಮುಂದೆ ಕುಣಿಯುವಾಗ ಎಲ್ಲ ಅಲುಗಾಡ್ತಾ ಇದ್ರೆ ಏನು ಚೆಂದ? ಫಾಹಾ ಇಲ್ಲದ ಹೆಂಗಸು ಬಾಯಿ ಕಟ್ಟದ ಚೀಲ."

ಹೀಗೆ, ಸುಳ್ಳು ಹೇಳಿದ ಮೇಲೆ ಸುಳ್ಳಿಗೆ ತಕ್ಕ ಬಟ್ಟೆಯನ್ನೂ ತೊಡಬೇಕಾಯಿತು. ಮಾರನೆಯ ಸಂಜೆ ಹೊಟ್ಟೆಯ ಸುತ್ತ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಫಾಹಾ, ಅದರ ಮೇಲೆ ರುಬಿಯೇಲಾಳ ಹೊಳೆಯುವ ನೀಲಿ ಪ್ಯಾಂಟು, ಮತ್ತೊಂದು ಬಿಗಿ ಬನಿಯನ್ ಹಾಕಿ ನೊಯೇಲಿಯಾ ಇಳಿಜಾರು ಇಳಿದಳು. ಬಗ್ಗಿ ಬೂಟಿನ ದಾರ ಕಟ್ಟಲು ಆಗದೆ ಗಂಡ ಅರ್ನುಲ್ಫೊನೇ ಕಟ್ಟಿಕೊಟ್ಟಿದ್ದ. ಕಾಫಿ ಮೂಟೆ ಸಾಗಿಸುವ ಜೀಪಿನ ಚಾಲಕ ಅವನು. ಕಟ್ಟುತ್ತಾ, "ಮೂಟೇನ ತುಂಬಾ ಬಿಗಿಯಾಗಿ ಹೊಲಿದ್ರೆ ದಾರಿಯಲ್ಲಿ ಒಡೆಯುತ್ತೆ ಕಣೇ," ಎಂದ. ಅತ್ತೆ ದಿಟ್ಟಿಸಿದ್ದು ಕಂಡು, "ನಂಗೇನು ಗೊತ್ತು, ನಾನು ಮೂಟೆ ವಿಷಯ ಹೇಳಿದ್ದು," ಎಂದು ಎದ್ದುಹೋದ.

ಅಂಗಳದ ಸುತ್ತಣ ಸಿಮೆಂಟು ಮೆಟ್ಟಿಲುಗಳ ಮೇಲೆ ನೋಡುವವರದೇ ಒಂದು ಸಭೆ. ಬ್ರೆಡ್ಡಿನಂಗಡಿಯ ಬೆರ್ನಾರ್ದಾ ಪ್ರತಿ ಸಂಜೆ ಅಲ್ಲಿ ಕೂತು ಯಾರ ಮೈ ಎಷ್ಟು ಅಲುಗಾಡಿತು ಎಂದು ವರದಿ ಒಪ್ಪಿಸುತ್ತಿದ್ದಳು. ನೊಯೇಲಿಯಾ ಹಿಂದಿನ ಸಾಲಿನಲ್ಲಿ ನಿಂತಳು. ಹಾಡು ಶುರುವಾಯಿತು. ಕಿಟಕಿಯಿಂದ ಕೇಳಿದಾಗ ದೂರದ ಹೊಳೆಯಂತಿದ್ದ ಅದೇ ಹಾಡು ಇಲ್ಲಿ ನೆಲದಿಂದಲೇ ಅಂಗಾಲಿಗೆ ಏರಿ ಬಂತು. ಅವಳ ಕಾಲು ಎಲ್ಲ ಬಲ್ಲಂತೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಎಷ್ಟು ಸಂಜೆ ಪೆಡಲಿನ ಮೇಲೆ ಕಲಿತ ಹೆಜ್ಜೆಗಳು! ಮುಖ ತಾನಾಗಿ ಅರಳಿತು. ಇನ್ನೇನು ಬರುತ್ತದೆ, ಆ ಉಸಿರು ಇನ್ನೇನು ಬಂದೇ ಬಿಡುತ್ತದೆ ಎಂದು ಅವಳು ಬಾಯಿ ತೆರೆದು ಎಳೆದಳು.

ಬರಲಿಲ್ಲ. ಎದೆಯ ಮೇಲ್ಭಾಗಕ್ಕೆ ಒಂದು ಗುಟುಕು ಗಾಳಿ ಬಂತು, ಅಲ್ಲೇ ನಿಂತಿತು. ಅವಳು ಮತ್ತೆ ಎಳೆದಳು. ಪ್ಲಾಸ್ಟಿಕ್ಕಿನೊಳಗೆ ಬೆವರು ಕುದಿಯುತ್ತಿತ್ತು. ಯಾಮಿಲೆ "ಮೇಲಕ್ಕೆ!" ಎಂದಳು, ಎಲ್ಲರ ಕೈ ಮೇಲಕ್ಕೆ ಹೋಯಿತು, ನೊಯೇಲಿಯಾಳ ಕಣ್ಣಿಗೆ ತಗಡಿನ ಮಾಡು ನಿಧಾನವಾಗಿ ತಿರುಗಿ ಕಪ್ಪಾಯಿತು.

ಕಣ್ಣು ಬಿಟ್ಟಾಗ ಸುತ್ತ ಹೆಂಗಸರ ಕಾಲುಗಳ ಬೇಲಿ. ರುಬಿಯೇಲಾ ಅಳುತ್ತ ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದಳು. ಯಾಮಿಲೆ ಮಂಡಿಯೂರಿ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಸುರುಳಿ ಸುರುಳಿಯಾಗಿ ಎಳೆದು ತೆಗೆಯುತ್ತಿದ್ದಳು. ಅದು ಮುಗಿಯುವಂತೆಯೇ ಇರಲಿಲ್ಲ.

"ಅಯ್ಯೋ, ಬಾಳೆಲೆ ಬಿಚ್ಚಿ ತಮಾಲ್ ತೆಗೆದ ಹಾಗಿದೆ!" ಎಂದಳು ಮೆಟ್ಟಿಲಿನ ಮೇಲಿಂದ ಬೆರ್ನಾರ್ದಾ. "ಚೆನ್ನಾಗಿ ಬೆಂದಿದ್ಯೋ ನೋಡ್ರೇ."

ಯಾರೋ ಕಿಸಕ್ಕೆಂದರು. ಒಬ್ಬಳು ನಕ್ಕರೆ ಹತ್ತು ಜನ ನಗುತ್ತಾರೆ. ಎಲೆಯಲ್ಲಿ ಸುತ್ತಿ ಬೇಯಿಸಿದ ಆ ಜೋಳದ ಕಡುಬಿನ ಹೆಸರು ಅಂದಿನಿಂದ ನೊಯೇಲಿಯಾಳ ಬೆನ್ನಿಗೆ ಬಿತ್ತು. ಬ್ರೆಡ್ಡು ತರಲು ಹೋದರೆ ಅಲ್ಲಿ ಪಿಸುಮಾತು, ಪೂಜೆಗೆ ಹೋದರೆ ಹಿಂದಿನ ಬೆಂಚಿನಲ್ಲಿ ಪಿಸುಮಾತು: ಡೋನ್ಯಾ ತಮಾಲ್. ಅವಳು ಹೊಲಿಗೆ ಯಂತ್ರವನ್ನು ಕಿಟಕಿಯಿಂದ ತೆಗೆದು ಒಳಕೋಣೆಯ ಗೋಡೆಗೆ ಒತ್ತಿದಳು. ಅಲ್ಲಿ ಬೆಳಕು ಸಾಲದು. ಹಾಡೂ ಅಷ್ಟಾಗಿ ಕೇಳದು. ಆದರೂ ಡೋಲು ಮಾತ್ರ ಗೋಡೆಯ ಮಣ್ಣಿನೊಳಗಿಂದಲೇ ಬಂದಂತೆ ತಟ್ಟುತ್ತಿತ್ತು. ಅವಳು ಪಾದಗಳನ್ನು ಪೆಡಲಿನ ಮೇಲೆ ಒತ್ತಿ ಹಿಡಿದು ಕೂತಿರುತ್ತಿದ್ದಳು, ತಂಟೆ ಮಾಡುವ ಮಕ್ಕಳನ್ನು ಹಿಡಿದು ಕೂರಿಸಿದ ಹಾಗೆ.

ಒಂದು ಮಧ್ಯಾಹ್ನ ಯಾಮಿಲೆಯೇ ಬಂದಳು. ಬೆಲ್ಲದ ನೀರು ಕಾಯಿಸಿ ಕೊಟ್ಟರು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಆ ಹುಡುಗಿ ಎರಡು ಗುಟುಕು ಕುಡಿದಳು.

"ತಪ್ಪು ನಂದೇ, ಡೋನ್ಯಾ ನೊಯೇಲಿಯಾ. ಹೊಸಬರು ಬಂದಾಗ ಏನು ಹಾಕ್ಕೊಂಡು ಬಂದಿದಾರೆ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ. ಮತ್ತೆ ಬರ್ತೀರಾ?"

"ಮಾನ ಕಳಕೊಳ್ಳೋಕೆ ಒಂದು ಸಲ ಸಾಲದಾ?" ಎಂದಳು ಉಬಾಲ್ದಿನಾ.

"ಬರೋದಾದ್ರೆ, ಹೊಸದೇನೂ ತಗೋಬೇಡಿ," ಯಾಮಿಲೆ ನೊಯೇಲಿಯಾಳ ಕಡೆಗೇ ತಿರುಗಿ ಹೇಳಿದಳು. "ಮನೆ ತೊಳೆಯುವಾಗ ಏನು ಹಾಕ್ಕೋತೀರಿ? ಅದನ್ನೇ ಹಾಕ್ಕೊಂಡು ಬನ್ನಿ. ಹತ್ತಿ ಬಟ್ಟೆ ಆಗಿರ್ಲಿ, ಬೆವರು ಕುಡಿಯುತ್ತೆ. ಕೈ ಎತ್ತಿದ್ರೆ ಎಳೀಬಾರದು, ಕೂತ್ರೆ ಒತ್ತಬಾರದು. ಎದೆಗೆ ಆಧಾರ ಬೇಕು, ಕಾಲಿಗೆ ಜಾರದ ಬೂಟು ಬೇಕು. ಇನ್ನೇನೂ ಬೇಡ. ಕನ್ನಡಿ ಮುಂದೆ ನಿಂತು ನೋಡ್ಬೇಡಿ. ಕಣ್ಣು ಮುಚ್ಚಿ, ಹೊಟ್ಟೆ ಮೇಲೆ ಕೈ ಇಟ್ಟು ಉಸಿರು ತಗೊಳ್ಳಿ. ಕೈ ಮುಂದಕ್ಕೆ ಬಂತೋ, ಆ ಬಟ್ಟೆ ಸರಿ."

"ಕೈ ಮುಂದಕ್ಕೆ ಬಂದ್ರೆ ಹೊಟ್ಟೆ ಮುಂದಕ್ಕೆ ಬಂತು ಅಂತ ಅರ್ಥ," ಉಬಾಲ್ದಿನಾಳ ಸ್ವರ ಏರಿತು. "ನಿನ್ನ ಹೊಟ್ಟೆ ಬೆನ್ನಿಗಂಟಿದೆ ಮಗಳೇ. ಹೆತ್ತಿಲ್ಲ, ಹಾಲೂಡಿಸಿಲ್ಲ. ನಿನಗೇನು, ಎರಡು ಚಿಂದಿ ಸುತ್ಕೊಂಡ್ರೂ ಚೆಂದವೇ. ಇವಳನ್ನ ನಾಲ್ಕು ಜನ ನೋಡಿ ನಗೋವಾಗ ನೀನು ಬಂದು ಅಡ್ಡ ನಿಲ್ತೀಯಾ?"

ಯಾಮಿಲೆಯ ಮುಖ ಕೆಂಪಾಯಿತು. "ಅದೂ ನಿಜ, ಡೋನ್ಯಾ," ಎಂದಳು ಮೆಲ್ಲಗೆ. "ನಗೋರನ್ನ ನಿಲ್ಲಿಸೋಕೆ ನನ್ನ ಕೈಲಿ ಆಗಲ್ಲ. ಅವತ್ತು ಇವರು ಬೀಳೋ ಮುಂಚೆ ಇವರ ಮುಖ ನೋಡಿದ್ದೆ, ಅದಕ್ಕೇ ಬಂದೆ. ಕುಣಿಯುವಾಗ ಅಷ್ಟು ಖುಷಿಯಾಗಿ ಮುಖ ಅರಳೋರು ನನ್ನ ಕ್ಲಾಸಿನಲ್ಲಿ ಬೇರೆ ಯಾರೂ ಇಲ್ಲ."

ಅವಳು ಹೋದ ಮೇಲೆ ತಾಯಿ ಮಗಳು ಇಬ್ಬರೇ ಉಳಿದರು. ಒಲೆಯ ಮೇಲೆ ಅವರೆಕಾಳು ಕೊತಕೊತ ಬೇಯುತ್ತಿತ್ತು. ನೊಯೇಲಿಯಾ ಅರೆಪಾ ರೊಟ್ಟಿ ತಟ್ಟಲು ಜೋಳದ ಹಿಟ್ಟಿನ ಮುಂದೆ ಕೂತಳು. ಎರಡು ತಟ್ಟಿ ನಿಲ್ಲಿಸಿದಳು.

"ಅಮ್ಮಾ, ಅವತ್ತು ಸುಳ್ಳು ಹೇಳ್ದೆ. ನಂಗೆ ಸಣ್ಣ ಆಗೋದು ಬೇಕಿಲ್ಲ."

"ಮತ್ತೇನು ಬೇಕು?"

"ಉಸಿರಾಡ್ಬೇಕು."

ಉಬಾಲ್ದಿನಾ ಮಗಳನ್ನು ನೋಡಿದಳು. "ಈಗೇನು ಸತ್ತಿದೀಯಾ?"

"ಮಡುವಿಗೆ ಹಾರ್ತಿದ್ನಲ್ಲಮ್ಮಾ, ಹುಡುಗಿಯಾಗಿದ್ದಾಗ. ಅಪ್ಪನ ಅಂಗಿ ಹಾಕ್ಕೊಂಡು. ಆ ಥರ ಉಸಿರು. ಆಮೇಲೆ ಒಂದು ಸಲವೂ ಬಂದಿಲ್ಲ. ಕೆಳಗೆ ಹಾಡು ಹಾಕಿದ್ರೆ ಅದು ಬಾ ಬಾ ಅಂತ ಕರೆದ ಹಾಗಾಗುತ್ತೆ. ನಾನು ಹೋಗ್ತೀನಿ. ಇದನ್ನ ಬಿಚ್ಚಿಟ್ಟು ಹೋಗ್ತೀನಿ."

ಅಪ್ಪನ ಹೆಸರು ಆ ಮನೆಯಲ್ಲಿ ಎತ್ತುವ ರೂಢಿ ಇರಲಿಲ್ಲ. ಮುದುಕಿಯ ಕೈಯ ಜಪಮಣಿ ಮಡಿಲಿಗೆ ಜಾರಿತು.

"ಅವನು ಯಾಕೆ ಹೋದ ಗೊತ್ತಾ ನಿನಗೆ?" ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನೊಯೇಲಿಯಾಳಿಗೆ ಹೆದರಿಕೆಯಾಯಿತು. "ನೀನು ಹುಟ್ಟಿದ ಮೇಲೆ ಕಾಫಿ ಕೊಯ್ಲು ಜೋರಿತ್ತು. ಬುಟ್ಟಿ ಸೊಂಟಕ್ಕೆ ಕಟ್ಕೊಂಡು ದಿನಾ ಗುಡ್ಡ ಹತ್ಬೇಕು. ಫಾಹಾ ಕಟ್ಟಿದ್ರೆ ಬುಟ್ಟಿ ನಿಲ್ತಿರ್ಲಿಲ್ಲ, ನಾನು ಕಟ್ಲಿಲ್ಲ. ಹೊಟ್ಟೆ ಹಾಗೇ ಇಳಿಬಿತ್ತು. ಬೋಲೊಂಬೊಲೊ ಊರಿನ ಕಡೆಯೋಳು ಒಬ್ಳು ಕೊಯ್ಲಿಗೆ ಬಂದಿದ್ಳು, ಬಿದಿರಿನ ಹಾಗಿದ್ಳು. ಒಂದು ಭಾನುವಾರ ಪೂಜೆಗೆ ಅಂತ ಹೋದೋನು ಅವಳ ಜೊತೆ ಬಸ್ಸು ಹತ್ತಿದ. ಅವತ್ತೇ ಕಟ್ಟಿದ್ದು ಕಣೇ ಇದನ್ನ. ತಡವಾಗಿತ್ತು. ನಿನಗಾದ್ರೂ ತಡ ಆಗದಿರ್ಲಿ ಅಂತ..." ಅವಳು ಮಾತು ನಿಲ್ಲಿಸಿ ತನ್ನ ಕಪ್ಪು ಉಡುಪಿನ ಪಕ್ಕೆಯನ್ನು ಅಂಗೈಯಿಂದ ಒತ್ತಿಕೊಂಡಳು. ಅದರೊಳಗೆ ಹಳೆಯ ಕಾಲದ, ಪಕ್ಕೆಗೆ ಕೊಕ್ಕೆಯಿರುವ ಫಾಹಾ ಇತ್ತು. ಈ ಮುಪ್ಪಿನಲ್ಲೂ, ನೋಡುವವರು ಯಾರೂ ಇಲ್ಲದ ಆ ಕುರ್ಚಿಯಲ್ಲೂ, ಅವಳು ಅದನ್ನು ಬಿಟ್ಟಿರಲಿಲ್ಲ.

ಇಷ್ಟು ವರ್ಷ ತನ್ನನ್ನು ಬಿಗಿದಿದ್ದು ಬಟ್ಟೆಯಲ್ಲ, ತಾಯಿಯ ಆ ಒಂದು ಭಾನುವಾರ ಎಂದು ನೊಯೇಲಿಯಾಳಿಗೆ ಹೊಳೆಯಿತು. ಹಿಟ್ಟಿನ ಕೈಯನ್ನು ಒರೆಸಿಕೊಳ್ಳದೆಯೇ ತಾಯಿಯ ಕಾಲ ಬಳಿ ಬಂದು ಕೂತಳು.

"ಅಪ್ಪ ಹೋದದ್ದು ಅವನ ಕಾಲಿನ ಗುಣ ಅಮ್ಮಾ. ನಿನ್ನ ಹೊಟ್ಟೆ ಏನು ಮಾಡಿತ್ತು ಪಾಪ? ನನ್ನನ್ನ ಹೊತ್ತಿತ್ತು, ಅಷ್ಟೇ."

ಉಬಾಲ್ದಿನಾ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ರಾತ್ರಿ ಅವರೆಕಾಳನ್ನು ಮುಟ್ಟಲೂ ಇಲ್ಲ.

ಮಾರನೆಯ ಸಂಜೆ ನೊಯೇಲಿಯಾ ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಸುರಿದಳು. ಕನ್ನಡಿಗೆ ಬೆನ್ನು ಮಾಡಿ ನಿಂತು ಒಂದೊಂದನ್ನೇ ಹಾಕಿ ನೋಡಿದಳು. ಒಂದು ಭುಜದಲ್ಲಿ ಎಳೆಯಿತು, ಒಂದು ಕಂಕುಳಲ್ಲಿ ಕಚ್ಚಿತು. ಕೊನೆಗೆ ಸಿಕ್ಕಿದ್ದು ಯಾವುದೋ ಹಳೆಯ ಚುನಾವಣೆಯಲ್ಲಿ ಹಂಚಿದ್ದ ದೊಗಳೆ ಹತ್ತಿ ಟೀ ಶರ್ಟು. ತೊಳೆದು ತೊಳೆದು ಮಗುವಿನ ಕೆನ್ನೆಯಷ್ಟು ಮೆತ್ತಗಾಗಿತ್ತು. ಎದೆಯ ಮೇಲಿದ್ದ ಅಭ್ಯರ್ಥಿಯ ಮುಖದಲ್ಲಿ ಮೀಸೆಯೊಂದೇ ಉಳಿದಿತ್ತು. ಕೆಳಗೆ, ಸೊಂಟಕ್ಕೆ ಲಾಡಿಯಿರುವ ಮಾಸಲು ಬೂದಿ ಬಣ್ಣದ ಪೈಜಾಮ. ಅವಳು ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಕೈಯಿಟ್ಟಳು. ಕೈ ನಾಚಿದಂತೆ ಒಂದಿಷ್ಟೇ ಮುಂದಕ್ಕೆ ಬಂತು.

ಬೂಟಿನ ದಾರವನ್ನು ಈ ಸಲ ತಾನೇ ಬಗ್ಗಿ ಕಟ್ಟಿಕೊಂಡಳು. ಪಡಸಾಲೆ ದಾಟುವಾಗ ತಾಯಿ ಕಣ್ಣೆತ್ತಿ ನೋಡಲಿಲ್ಲ.

ಬೀದಿ ಅಷ್ಟು ಉದ್ದವಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಪ್ರತಿ ಬಾಗಿಲಿಗೂ ಕಣ್ಣು ಮೂಡಿದಂತಿತ್ತು. ಗಾಳಿ ಟೀ ಶರ್ಟಿನೊಳಗೆ ನುಗ್ಗಿ ಬರಿಯ ಹೊಟ್ಟೆಯನ್ನು ಸವರಿದಾಗ ಮೈ ಝುಮ್ಮೆಂದಿತು. ಎರಡು ಸಲ ವಾಪಸು ತಿರುಗೋಣ ಎನ್ನಿಸಿತು. ಎರಡು ಸಲವೂ ಕೆಳಗಿನಿಂದ ಡೋಲು ಕೇಳಿಸಿತು.

ಅಂಗಳದಲ್ಲಿ ರುಬಿಯೇಲಾ ಓಡಿ ಬಂದು ತಬ್ಬಿಕೊಂಡಳು. ಆಮೇಲೆ ಹಿಂದೆ ಸರಿದು ಮೇಲಿಂದ ಕೆಳಗೆ ನೋಡಿದಳು. "ಇದೇನೇ, ಮೀಸೆಗೆ ಓಟು ಕೇಳೋಕೆ ಬಂದ್ಯಾ?"

"ಸೋತೋನು ಪಾಪ. ಸ್ವಲ್ಪ ವ್ಯಾಯಾಮ ಮಾಡ್ಲಿ ಅಂತ ಕರ್ಕೊಂಡು ಬಂದೆ."

ರುಬಿಯೇಲಾ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಸಣ್ಣ ದನಿಯಲ್ಲಿ, "ಆ ಪ್ಲಾಸ್ಟಿಕ್ಕು ಹೇಳಿಕೊಟ್ಟವಳು ನಾನು. ಬೈಯಿ ನನ್ನ," ಎಂದಳು.

"ಆಮೇಲೆ ಬೈತೀನಿ. ಈ ಚಿರತೆ ಪ್ಯಾಂಟು ನಿನಗೆ ಬಿಗಿ ಆಗಲ್ವಾ?"

"ಇಲ್ಲ ಕಣೇ, ನಂಗೆ ಇದೇ ಹಾಯಿ. ಸಡಿಲ ಬಟ್ಟೆ ಹಾಕಿದ್ರೆ ನಂಗೆ ಜ್ವರ ಬಂದ ಹಾಗಾಗುತ್ತೆ."

ಹಾಡು ಶುರುವಾಯಿತು. ನೊಯೇಲಿಯಾಳ ಹೊಟ್ಟೆ ಅವಳಿಗಿಂತ ಅರ್ಧ ತಾಳ ತಡವಾಗಿ ಕುಣಿಯಿತು. ಹಾಗಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅದನ್ನು ಕುಣಿಯಲು ಬಿಟ್ಟಿದ್ದರೆ ತಾನೇ ಗೊತ್ತಾಗುವುದು! ನಾಚಿಕೆಯಿಂದ ಕೈ ಅಡ್ಡ ಹಿಡಿದಳು. ಆದರೆ ಯಾಮಿಲೆ "ಕೈ ಮೇಲಕ್ಕೆ!" ಎಂದಾಗ ಕೈ ಬಿಡಲೇಬೇಕಾಯಿತು. ಹೆಜ್ಜೆ ತಪ್ಪಿತು, ಮುಂದಿನವಳ ಹಿಮ್ಮಡಿ ತುಳಿದಳು, ಕ್ಷಮೆ ಕೇಳಿದಳು, ಮತ್ತೆ ತಪ್ಪಿದಳು.

ಮೂರನೆಯದೋ ನಾಲ್ಕನೆಯದೋ ಹಾಡಿನ ನಡುವೆ ಅವಳು ತಿರುಗಿದಾಗ ಮೆಟ್ಟಿಲಿನ ತುದಿಯಲ್ಲಿ ತಾಯಿ ಕೂತಿದ್ದಳು. ಪೂಜೆಗೆ ಹೋಗುವಾಗ ಉಡುವ ಕಪ್ಪು ಉಡುಪು, ಭುಜದ ಮೇಲೆ ಉಣ್ಣೆಯ ಶಾಲು. ಮಗಳ ಮಾನ ಹೋಗುವುದನ್ನು ತಡೆಯಲು ಬಂದಳೋ, ಬರಿದೇ ನೋಡಲು ಬಂದಳೋ, ಅವಳಿಗೂ ತಿಳಿದಿತ್ತೋ ಇಲ್ಲವೋ. ಮಂಜುಗಣ್ಣನ್ನು ಕಿರಿದು ಮಾಡಿ ನೂರು ಬಣ್ಣಗಳ ನಡುವೆ ಮಗಳ ಬಣ್ಣವನ್ನು ಹುಡುಕುತ್ತಿದ್ದಳು.

ಪಕ್ಕದಲ್ಲೇ ಕೂತಿದ್ದ ಬೆರ್ನಾರ್ದಾ ಹತ್ತಿರ ಸರಿದಳು. "ಏನು ಡೋನ್ಯಾ ಉಬಾಲ್ದಿನಾ, ಇವತ್ತು ತಮಾಲನ್ನ ಎಲೆ ಇಲ್ಲದೇ ಕಳಿಸಿಬಿಟ್ರಾ? ಹೊಟ್ಟೆ ನೋಡಿ ಹೇಗೆ ಕುಣೀತಿದೆ!"

ಹಾಡು ಆಗ ತಾನೇ ನಿಂತಿತ್ತು. ಮಾತು ಎಲ್ಲರಿಗೂ ಕೇಳಿಸಿತು. ನೊಯೇಲಿಯಾ ನಿಂತಲ್ಲೇ ಕಲ್ಲಾದಳು.

ಉಬಾಲ್ದಿನಾ ಶಾಲನ್ನು ಭುಜಕ್ಕೆ ಸರಿಮಾಡಿಕೊಂಡಳು. "ಆ ಹೊಟ್ಟೇಲಿ ನನ್ನ ಮೂರು ಮೊಮ್ಮಕ್ಕಳು ಮಲಗಿ ಎದ್ದು ಬಂದಿದಾರೆ, ಬೆರ್ನಾರ್ದಾ," ಎಂದಳು. ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೂ ಅಲ್ಲ. "ಬಹಳ ದಿನ ದುಡಿದಿದೆ ಅದು. ಈಗ ಕುಣೀಲಿ ಬಿಡು."

ಹೇಳಿದ ಮೇಲೆ ತಾನೇ ಹೇಳಿದೆನೇ ಎಂಬಂತೆ ಬಾಯಿ ಮುಚ್ಚಿ ಮುಂದೆ ನೋಡುತ್ತ ಕೂತಳು. ಬೆರ್ನಾರ್ದಾ ಏನೋ ಹೇಳಲು ಹೋಗಿ, ಬ್ರೆಡ್ಡು ಹೊತ್ತುತ್ತದೆ ಎಂದು ಎದ್ದಳು. "ಮುಂದಿನ ಹಾಡು!" ಎಂದು ಯಾಮಿಲೆ ಕೂಗಿದಳು.

ಆ ಹಾಡಿನಲ್ಲಿ ಬಂತು ಅದು. ನೊಯೇಲಿಯಾ ಕರೆಯಲಿಲ್ಲ, ಎಳೆಯಲಿಲ್ಲ. ಎರಡೂ ಕೈ ಮೇಲಕ್ಕೆ ಹೋಗಿದ್ದಾಗ, ಬೆವರು ಹುಬ್ಬಿನಿಂದ ಕಣ್ಣಿಗಿಳಿಯುತ್ತಿದ್ದಾಗ, ತಾನಾಗಿ ಹೊಟ್ಟೆಯ ತಳದಲ್ಲಿ ಒಂದು ಬಾಗಿಲು ತೆರೆದಂತಾಗಿ ಗಾಳಿ ಒಳಗೆ ಹೊಕ್ಕಿತು. ಬೆನ್ನು ತುಂಬಿತು, ಭುಜ ತುಂಬಿತು. ಕಿವಿಯೊಳಗೆ ತಣ್ಣಗಾಯಿತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಪಕ್ಕದ ಚಿರತೆ ಪ್ಯಾಂಟಿನವಳಿಗೆ ಗೊತ್ತಾಗದೆ ಅವಳೂ ಎರಡನ್ನೂ ಮಾಡಿದಳು.

ಮುಗಿದ ಮೇಲೆ ತಾಯಿ ಮಗಳು ಏರು ಹತ್ತತೊಡಗಿದರು. ಬೀದಿಯ ದೀಪಗಳು ಆಗಷ್ಟೇ ಹೊತ್ತಿಕೊಂಡಿದ್ದವು. ಯಾವುದೋ ಮನೆಯಲ್ಲಿ ಅರೆಪಾ ಸುಡುವ ವಾಸನೆ. ನೊಯೇಲಿಯಾ ಹಗುರಾಗಿ ನಡೆಯುತ್ತಿದ್ದಳು. ಹಿಂದೆ ಉಬಾಲ್ದಿನಾಳ ಉಸಿರು ಸೀಟಿಯಂತೆ ಕೇಳಿಸುತ್ತಿತ್ತು. ಮುಚ್ಚಿದ ಔಷಧಿ ಅಂಗಡಿಯ ಬಳಿ ಮುದುಕಿ ಗೋಡೆಗೆ ಕೈಯೂರಿ ನಿಂತಳು.

"ತಾಳು. ಈ ಏರು ಮೊದಲು ಇಷ್ಟು ಇರ್ಲಿಲ್ಲ."

ನೊಯೇಲಿಯಾ ವಾಪಸು ಬಂದು ತಾಯಿಯ ಬೆನ್ನಿಗೆ ಕೈ ಹಾಕಿದಳು. ಶಾಲಿನ ಕೆಳಗೆ, ಉಡುಪಿನ ಕೆಳಗೆ, ಆ ಗಟ್ಟಿ ಗೋಡೆ ಬೆರಳಿಗೆ ತಾಗಿತು. ಗೋಡೆಯ ಹಿಂದೆ ಹಕ್ಕಿಯ ಎದೆಯಂತೆ ಏನೋ ಡವಡವ ಬಡಿದುಕೊಳ್ಳುತ್ತಿತ್ತು.

"ಅಮ್ಮಾ, ಒಂದು ಕೊಕ್ಕೆ ಬಿಚ್ಚಲಾ?"

ಉಬಾಲ್ದಿನಾ ಬೀದಿಯ ಮೇಲ್ತುದಿಗೆ ನೋಡಿದಳು, ಕೆಳತುದಿಗೆ ನೋಡಿದಳು. ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಶಾಲನ್ನು ಪಕ್ಕಕ್ಕೆ ಅಗಲವಾಗಿ ಹಿಡಿದು ಮರೆ ಮಾಡಿದಳು.

"ಒಂದೇ," ಎಂದಳು.

ಉಡುಪಿನ ಕಂಕುಳ ಕೆಳಗಿನ ಗುಂಡಿ ತೆಗೆದು, ಫಾಹಾದ ಮೇಲಿನ ಕೊಕ್ಕೆಯನ್ನು ನೊಯೇಲಿಯಾ ಬಿಚ್ಚಿದಳು. ಇಬ್ಬರೂ ಮತ್ತೆ ಹೊರಟರು. ನಾಲ್ಕು ಹೆಜ್ಜೆ ಹೋಗಿರಬೇಕು. ಮುದುಕಿ ನಿಂತಳು.

"ನೊಯೇಲಿಯಾ."

"ಏನಮ್ಮಾ?"

ಉಬಾಲ್ದಿನಾ ಆಕಾಶದ ಕಡೆ, ಎಲ್ಲೋ ದೂರದ ಕಡೆ ನೋಡುತ್ತ, ಶಾಲನ್ನು ಮತ್ತೆ ಅಗಲ ಮಾಡಿದಳು.

"ಇನ್ನೊಂದು."